ಸೊನ್ನೆಗಳನ್ನು ನಂಬದ ಸಿಸ್ಟರ್

ಬೆಳಗಿನ ಐದೂಮುಕ್ಕಾಲು. ಕ್ಯಾನ್ಸರ್ ಆಸ್ಪತ್ರೆಯ ಎರಡನೇ ಮಹಡಿಯ ದಾಖಲೆ ಕೋಣೆಯಲ್ಲಿ ಒಬ್ಬ ಹೆಂಗಸು ಕಿಟಕಿಗೆ ಬೆನ್ನು ಹಾಕಿ ನಿಂತಿದ್ದಾರೆ. ಕೈಯಲ್ಲೊಂದು ಹಾಳೆ. ಅದನ್ನು ಅವರು ಓದುತ್ತಿಲ್ಲ. ಮಗುಚಿ ಹಿಡಿದು, ಕಣ್ಣು ಮುಚ್ಚಿ, ಹಾಳೆಯ ಬೆನ್ನನ್ನು ಉಂಗುರದ ಬೆರಳಿನಿಂದ ಸವರುತ್ತಿದ್ದಾರೆ. ಮೇಲಿಂದ ಕೆಳಕ್ಕೆ ಒಮ್ಮೆ, ಕೆಳಗಿಂದ ಮೇಲಕ್ಕೆ ಒಮ್ಮೆ. ಆಮೇಲೆ ಕಣ್ಣು ತೆರೆದು ಹಾಳೆಯನ್ನು ಎಡಗಡೆಯ ಕಟ್ಟಿನ ಮೇಲೆ ಇಡುತ್ತಾರೆ. ಮುಂದಿನದ್ದು ಬಲಗಡೆಗೆ. ಅದರ ಮುಂದಿನದ್ದು ಮತ್ತೆ ಎಡಗಡೆಗೆ.

"ದಿನಾ ಒಂದೊಂದು ಗೆರೆ ಬರೆದ್ರೆ ಪೆನ್ನು ಒಂದಿನ ಒತ್ತುತ್ತೆ, ಒಂದಿನ ಜಾರುತ್ತೆ. ಒಂದೇ ಸಲ ಕೂತು ಇಪ್ಪತ್ತೆಂಟು ದಿನದ್ದೂ ಬರೆದ್ರೆ ಎಲ್ಲಾ ಒಂದೇ ಸಮ ಇರುತ್ತೆ. ಮುಂದಿಂದ ನೋಡಿದ್ರೆ ಗೊತ್ತಾಗಲ್ಲ, ಹಿಂದಿಂದ ಮುಟ್ಟಬೇಕು," ಎನ್ನುತ್ತಾರೆ ಅವರು. ಎಡಗಡೆಯ ಕಟ್ಟು ಯಾವುದು ಎಂದು ಕೇಳಬೇಕಾಗಿಲ್ಲ. ಒಂದೇ ಸಲ ಬರೆದವು ಅಲ್ಲಿ, ಅದೇ ದಪ್ಪಗಿದೆ.

ಈ ಹಾಳೆಗಳು ಹೊಸ ಔಷಧಿಯೊಂದರ ಪರೀಕ್ಷೆಗೆ ಸೇರಿದ ರೋಗಿಗಳವು. ಮನೆಗೆ ಹೋಗುವಾಗ ಒಬ್ಬೊಬ್ಬರೂ ಮಾತ್ರೆಯ ಡಬ್ಬಿಯ ಜೊತೆ ಇಂಥದ್ದೊಂದು ಹಾಳೆ ಒಯ್ಯುತ್ತಾರೆ. ಮಾತ್ರೆ ನುಂಗಿದ್ದಕ್ಕೆ ಒಂದು ಗುರುತು, ಎಷ್ಟು ಸಲ ಭೇದಿಯಾಯಿತು ಎನ್ನುವುದಕ್ಕೆ ಒಂದು ಅಂಕಿ, ಹೀಗೆ ದಿನಕ್ಕೊಂದು ಗೆರೆ. ನಾಲ್ಕು ವಾರಕ್ಕೊಮ್ಮೆ ಹಾಳೆ ಆಸ್ಪತ್ರೆಗೆ ವಾಪಸು ಬರುತ್ತದೆ. ಔಷಧಿ ಒಳ್ಳೆಯದೋ ಕೆಟ್ಟದ್ದೋ, ಎಷ್ಟು ಕೊಟ್ಟರೆ ಸರಿ, ಎಷ್ಟು ಕೊಟ್ಟರೆ ಅತಿ ಎನ್ನುವುದು ಬಹುಮಟ್ಟಿಗೆ ಈ ಗೆರೆಗಳ ಮೇಲೆ ನಿಂತಿದೆ.

ಹಾಳೆ ಸವರುವ ಈ ಹೆಂಗಸು ಡಾಕ್ಟರಲ್ಲ, ಔಷಧಿ ಕಂಪನಿಯವರಲ್ಲ, ಲೆಕ್ಕ ತಪಾಸಣೆಯವರೂ ಅಲ್ಲ. ಅವರು ನರ್ಸ್ ಎಜುಕೇಟರ್. ಎಂದರೆ, ನರ್ಸುಗಳಿಗೆ ಪಾಠ ಹೇಳುವ ನರ್ಸು. ಎದುರಿಗೆ ಸಿಕ್ಕಾಗ ಹುಡುಗಿಯರು ಅವರನ್ನು 'ಅಕ್ಕ' ಎನ್ನುತ್ತಾರೆ. ಕಾರಿಡಾರಿನ ತಿರುವು ದಾಟಿದ ಮೇಲೆ 'ಅನುಮಾನದಕ್ಕ' ಎನ್ನುತ್ತಾರೆ. ಅದು ಅವರಿಗೂ ಗೊತ್ತಿದೆ.

"ಅನುಮಾನದಕ್ಕ ಅನ್ನೋರ ಮೇಲೆ ನನಗೆ ಅನುಮಾನ ಇಲ್ಲ. ಬರೀ ಅಕ್ಕಾ ಅಕ್ಕಾ ಅಂತ ಹಿಂದೆ ಬರ್ತಾರಲ್ಲ, ಅವರ ಮೇಲೇ ಸ್ವಲ್ಪ ಕಣ್ಣಿಡ್ತೀನಿ."

ವಯಸ್ಸು ನಲವತ್ತಾರು. ಹನ್ನೊಂದು ವರ್ಷ ವಾರ್ಡಿನಲ್ಲಿ ದುಡಿದಿದ್ದಾರೆ, ಪಾಠ ಹೇಳಲು ಶುರುಮಾಡಿ ಒಂಬತ್ತು ವರ್ಷವಾಯಿತು. ನಾಲ್ಕೂ ಇಪ್ಪತ್ತಕ್ಕೆ ಏಳುತ್ತಾರೆ. ಎರಡು ಬಸ್ಸು ಬದಲಾಯಿಸಿ, ರಾತ್ರಿ ಪಾಳಿಯವರು ಮನೆಗೆ ಹೊರಡುವ ಮೊದಲೇ ಆಸ್ಪತ್ರೆಯಲ್ಲಿರುತ್ತಾರೆ. ದಣಿದವರು ಮಾತ್ರ ನಿಜ ಹೇಳುತ್ತಾರೆ ಎನ್ನುವುದು ಅವರ ನಂಬಿಕೆ. ಬಹುಶಃ ಅವರಿಗಿರುವ ಒಂದೇ ನಂಬಿಕೆ. ಅರವತ್ತನಾಲ್ಕು ನರ್ಸುಗಳ ಕಲಿಕೆಯ ಹೊಣೆ ಅವರದ್ದು. ದಿನಕ್ಕೆ ಮೂರು ತರಗತಿ, ಎರಡು ವಾರ್ಡಿನ ಸುತ್ತು. ಉಳಿದ ಹೊತ್ತಿನಲ್ಲಿ, ನೆಲಮಾಳಿಗೆಯಲ್ಲಿ ಹಳೆಯ ಗಾಲಿಕುರ್ಚಿಗಳ ಪಕ್ಕ ಅವರಿಗೆಂದು ಬಿಟ್ಟುಕೊಟ್ಟಿರುವ ಒಂದು ಮೇಜು, ಸೂಜಿ ಚುಚ್ಚುವುದನ್ನು ಕಲಿಸಲು ರಬ್ಬರಿನ ಒಂದು ಕೈ, ಆ ಕೈಗೆ ತುಂಬಲು ಕೆಂಪು ನೀರಿನ ಒಂದು ಬಾಟಲಿ.

ಈ ಕೆಲಸಕ್ಕೆ ಬಂದ ದಿನವೇ ಸಮವಸ್ತ್ರ ಹೋಯಿತು. ಬಿಳಿ ಕೋಟು ಡಾಕ್ಟರಿಗೆ, ನೀಲಿ ಉಡುಪು ನರ್ಸಿಗೆ. ಇವರಿಗೆ ಏನು ಎಂದು ಯಾರೂ ಬರೆದಿಟ್ಟಿರಲಿಲ್ಲ. ಹಾಗಾಗಿ ಮನೆಯ ಬಟ್ಟೆಯಲ್ಲೇ ಬರುತ್ತಾರೆ, ಕೊರಳಲ್ಲಿ ಗುರುತಿನ ಚೀಟಿ. ಅದು ಯಾವಾಗಲೂ ತಿರುಗಿ ಬೆನ್ನು ತೋರಿಸಿಕೊಂಡಿರುತ್ತದೆ. ಬಾಗಿಲಲ್ಲಿ ಹೊಸ ಕಾವಲುಗಾರ ಬಂದಾಗಲೆಲ್ಲ "ಅಮ್ಮಾ, ನೀವು ಯಾವ ರೋಗಿ ಕಡೆಯವ್ರು?" ಎಂದು ತಡೆಯುತ್ತಾನೆ. "ಎಲ್ಲಾ ರೋಗಿ ಕಡೆಯವಳು, ಬಿಡಪ್ಪ," ಎಂದು ಒಳಗೆ ಹೋಗುತ್ತಾರೆ.

ಆ ಮಾತು ತಮಾಷೆಗೆ ಸರಿ. ಒಳಗಿನ ಕಥೆ ಅಷ್ಟು ಸುಲಭದ್ದಲ್ಲ. ವಾರ್ಡಿನ ನರ್ಸುಗಳ ಪಾಲಿಗೆ ಅವರು ಕೆಲಸ ಬಿಟ್ಟು ಮಾತಿಗೆ ಹೋದವರು. "ನಿಮಗೇನಕ್ಕ, ಬೋರ್ಡಲ್ಲಿರೋ ರೋಗಿ ವಾಂತಿ ಮಾಡ್ಕೊಳಲ್ಲ," ಎಂದು ಒಬ್ಬಳು ಮುಖಕ್ಕೇ ಹೇಳಿದ್ದಳು. ಕಾಲೇಜಿನಲ್ಲಿ ಕಲಿಸುವವರ ಪಾಲಿಗೆ, ಪದವಿ ಇಲ್ಲದೆ ಪಾಠಕ್ಕೆ ನಿಂತ ವಾರ್ಡಿನ ಸಿಸ್ಟರ್. ಸಭೆ ಇದ್ದರೆ ಕುರ್ಚಿ ಸಾಲದೆ ಹೋಗುವುದು ಸಾಮಾನ್ಯವಾಗಿ ಅವರಿಗೇ. ಅತ್ತೆಗಂತೂ ಒಂಬತ್ತು ವರ್ಷದಿಂದ ಅದೇ ಪ್ರಶ್ನೆ: "ಈಗ ನೀನು ಸೂಜಿ ಚುಚ್ಚೋದಿಲ್ವಾ? ಹಾಗಾದ್ರೆ ಅಲ್ಲಿ ಏನು ಮಾಡ್ತೀಯ?" ನೆರೆಮನೆಯವರು ಇಂಜೆಕ್ಷನ್ ಹಿಡಿದು ಬಾಗಿಲು ತಟ್ಟಿದರೆ ಮಾತ್ರ ಇವರು ಎರಡು ಮಾತಾಡದೆ ಕೈ ತೊಳೆದು ಬರುತ್ತಾರೆ. ಆ ಸಂಜೆ ಮನೆಯಲ್ಲಿ ಅವರ ನಡಿಗೆಯೇ ಬೇರೆ ಇರುತ್ತದೆ ಎಂದು ಮಗಳು ನಗುತ್ತಾಳೆ.

ಹುದ್ದೆಯೂ ಕಾಯಂ ಅಲ್ಲ. ವರ್ಷಕ್ಕೊಮ್ಮೆ ಫೈಲು ಮೇಲಕ್ಕೆ ಹೋಗುತ್ತದೆ, ಸಮಿತಿ ಕೂತು 'ಇನ್ನೊಂದು ವರ್ಷ' ಎನ್ನುತ್ತದೆ. ಈ ಸಲ ಮೊದಲ ಬಾರಿಗೆ ಬೇರೆ ಮಾತು ಬಂದಿತ್ತು. ಪಾಠಗಳನ್ನು ವಿಡಿಯೋ ಮಾಡಿಟ್ಟುಕೊಂಡರೆ ಆಯಿತಲ್ಲ, ಇವರನ್ನು ವಾಪಸು ವಾರ್ಡಿಗೆ ಹಾಕಬಹುದಲ್ಲ ಎಂದು.

"ವಾರ್ಡಂದ್ರೆ ನನಗೆ ಭಯ ಇಲ್ಲ. ಆದ್ರೆ ಒಂಬತ್ತು ವರ್ಷ ನಾನು ಮಾಡಿದ್ದು ಒಂದು ಕೆಲಸ ಹೌದೋ ಅಲ್ವೋ ಅಂತ ಅವರು ತೀರ್ಮಾನ ಮಾಡ್ತಾರೆ ನೋಡಿ, ಅದಕ್ಕೆ ಭಯ," ಎನ್ನುತ್ತಾರೆ.

ಅನುಮಾನ ಹುಟ್ಟುಗುಣವೇ? ಗಂಡನನ್ನು ಕೇಳಿದರೆ ಹೌದು ಎನ್ನುತ್ತಾರೆ. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. "ಹಾಲು ಕಾಯಿಸಿದ ಮೇಲೂ ಮೂಸಿ ನೋಡ್ತಾಳೆ. ಮದುವೆಯಾಗಿ ಇಪ್ಪತ್ತೊಂದು ವರ್ಷ ಆಯ್ತು, ನನ್ನನ್ನ ಇನ್ನೂ ಪೂರ್ತಿ ನಂಬಿಲ್ಲ."

"ನಂಬೋ ಅಂಥದ್ದು ಏನು ಮಾಡಿದ್ದೀರಿ, ಒಂದು ಹೇಳಿ ನೋಡೋಣ," ಎಂದು ಒಳಗಿಂದ ಉತ್ತರ ಬರುತ್ತದೆ.

ಆದರೆ ಹುಟ್ಟುಗುಣವಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಹಿರಿಯ ಸಿಸ್ಟರ್ ಒಬ್ಬರು ತುಂಬಿದ ಸಿರಿಂಜು ಕೈಗಿತ್ತು "ಕೊಡು" ಎಂದರು. "ಇದೇನು ಸಿಸ್ಟರ್?" ಎಂದದ್ದಕ್ಕೆ "ನಿನಗೆ ಹೇಳಿ ಕೊಡಬೇಕಾ?" ಎಂದು ಗದರಿಸಿಕೊಂಡರು. ಕೊಟ್ಟರು. ಅದು ಪಕ್ಕದ ಮಂಚದವರ ಔಷಧಿ. ರೋಗಿ ಎರಡು ದಿನ ಒದ್ದಾಡಿ ಬದುಕಿಕೊಂಡರು. ತಪ್ಪು ಯಾರದ್ದೆಂದು ಕಾಗದದಲ್ಲಿ ಬರಲೇ ಇಲ್ಲ. ಕಾಗದ ಚೊಕ್ಕವಾಗಿತ್ತು. ಅಂದಿನಿಂದ ಚೊಕ್ಕ ಕಾಗದ ಕಂಡರೆ ಅವರ ಬೆನ್ನು ನೆಟ್ಟಗಾಗುತ್ತದೆ.

ಕಳೆದ ವರ್ಷ ಅವರ ಬೆನ್ನನ್ನು ನೆಟ್ಟಗೆ ಮಾಡಿದ್ದು ಸೊನ್ನೆಗಳು.

ಹೊಸ ಔಷಧಿಯ ಬಗ್ಗೆ ಅವರು ತರಗತಿಯಲ್ಲಿ ಹೇಳುವ ಬಗೆ ಹೀಗೆ: "ಹಳೇ ಔಷಧಿ ಹೇಗೆ ಅಂದ್ರೆ, ಒಂದು ಮನೇಲಿ ಕಳ್ಳ ಹೊಕ್ಕಿದ್ದಾನೆ ಅಂತ ಇಡೀ ಬೀದಿ ಕರೆಂಟು ತೆಗೆದ ಹಾಗೆ. ಇದು ಆ ಮನೆ ಫ್ಯೂಸ್ ಮಾತ್ರ ಕಿತ್ತ ಹಾಗೆ. ಗಡ್ಡೆಯ ಜೀವಕೋಶದ ಮೇಲೊಂದು ಗುರುತು ಇರುತ್ತೆ, ಔಷಧಿ ಹೋಗಿ ಅದನ್ನೇ ಹಿಡಿಯುತ್ತೆ. ತೊಂದ್ರೆ ಏನಂದ್ರೆ, ಅದೇ ಗುರುತು ನಮ್ಮ ಚರ್ಮದಲ್ಲೂ ಇದೆ, ಕರುಳಲ್ಲೂ ಇದೆ. ಔಷಧಿಗೆ ಅವು ಬೇರೆ ಅಂತ ಗೊತ್ತಾಗಲ್ಲ." ಹಾಗಾಗಿ ಮಾತ್ರೆ ಶುರುವಾದ ಎರಡು ವಾರಕ್ಕೆ ಅನೇಕರ ಮುಖದ ತುಂಬ ಕೆಂಪು ಗುಳ್ಳೆ ಏಳುತ್ತವೆ. ಕೆಲವರಿಗೆ ಭೇದಿ. ಗುಳ್ಳೆಯಿಂದ ಜೀವ ಹೋಗುವುದಿಲ್ಲ. ಭೇದಿ ಹತೋಟಿ ಮೀರಿದರೆ ಮೈಯ ನೀರು ಆರಿ ಮೂತ್ರಪಿಂಡ ಕೆಡುತ್ತದೆ.

ಮೊದಮೊದಲು ಸಮಸ್ಯೆಯಾದದ್ದು ಗುಳ್ಳೆಯೇ. ಮುಖ ಕಂಡು ನಾಚಿಕೊಂಡ ಹೆಂಗಸರು ಹೇಳದೆ ಕೇಳದೆ ಮಾತ್ರೆ ನಿಲ್ಲಿಸಿಬಿಡುತ್ತಿದ್ದರು. ಆಗ ಅಕ್ಕ ಒಂದು ಮಾತು ಕಟ್ಟಿದರು. ಈ ಬಗೆಯ ಔಷಧಿಗಳಲ್ಲಿ ಗುಳ್ಳೆ ಎದ್ದವರಿಗೆ ಗುಣವೂ ಹೆಚ್ಚು ಕಂಡದ್ದುಂಟು ಎಂದು ಅವರು ಓದಿದ್ದರು. ಅದನ್ನು ಸುಲಭ ಮಾಡಿ, ಅರವತ್ತನಾಲ್ಕು ನರ್ಸುಗಳಿಗೂ ಬಾಯಿಪಾಠ ಮಾಡಿಸಿದರು: "ಗುಳ್ಳೆ ಬಂದ್ರೆ ಹೆದರಬೇಡಿ, ಮದ್ದು ಕೆಲಸ ಮಾಡ್ತಿದೆ." ಮಾತು ನಾಟಿತು. ಮಾತ್ರೆ ಬಿಡುವುದು ನಿಂತೇಹೋಯಿತು. ದೊಡ್ಡ ಡಾಕ್ಟರು ಸಭೆಯಲ್ಲಿ ಅವರನ್ನು ಎದ್ದು ನಿಲ್ಲಿಸಿ ಹೊಗಳಿದರು.

ಅದಾಗಿ ವರ್ಷದೊಳಗೆ ಹಾಳೆಗಳು ಬೆಳ್ಳಗಾದವು. ಪರೀಕ್ಷೆಯಲ್ಲಿದ್ದ ನಲವತ್ತೊಂದು ರೋಗಿಗಳಲ್ಲಿ ಮೂವತ್ತೇಳು ಜನರ ಹಾಳೆಯಲ್ಲಿ ಭೇದಿಯ ಕಾಲಂ ತುಂಬ ಸೊನ್ನೆ. ಕಂಪನಿಯಿಂದ ಕಾಗದ ನೋಡಲು ಬರುವ ಕೋಟಿನ ಮನುಷ್ಯ "ಇಷ್ಟು ಶುದ್ಧ ದಾಖಲೆ ಬೇರೆಲ್ಲೂ ಇಲ್ಲ" ಎಂದು ಕೈಕುಲುಕಿ ಹೋದ. ಅನುಮಾನದಕ್ಕ ಆ ಕೈಯನ್ನೂ ನಂಬಲಿಲ್ಲ.

ಮೊದಲ ಸುಳಿವು ಕಾಗದದಿಂದ ಬರಲಿಲ್ಲ, ಪೊರಕೆಯಿಂದ ಬಂತು. ಹೊರರೋಗಿಗಳ ಮಹಡಿಯ ಶೌಚಾಲಯ ತೊಳೆಯುವ ಅಜ್ಜಿ ಒಂದು ಬುಧವಾರ ಮೆಟ್ಟಿಲ ಮೇಲೆ ಸೊಂಟ ಹಿಡಿದು ಕೂತಿದ್ದರು.

"ಏನಜ್ಜಿ, ಸೊಂಟಾನಾ?"

"ನಿನ್ನೆ ಮಂಗಳವಾರ ಅಲ್ವೇನವ್ವ. ಮಂಗಳವಾರ ಬಂತು ಅಂದ್ರೆ ನನ್ನ ಕಥೆ ಮುಗೀತು. ಒಳಗೊಬ್ಬರು, ಹೊರಗೆ ನಾಲ್ಕು ಜನ. ತೊಳೆದು ಬಕೆಟ್ ಎತ್ತೋಷ್ಟರಲ್ಲಿ ಮತ್ತೆ ಕರೀತಾರೆ."

ಮಂಗಳವಾರ ಪರೀಕ್ಷೆಯ ರೋಗಿಗಳು ಬರುವ ದಿನ. ಕಾಗದದ ಪ್ರಕಾರ ಅವರಲ್ಲಿ ಯಾರಿಗೂ ಹೊಟ್ಟೆ ಕೆಟ್ಟಿಲ್ಲ.

ಅವರು ತೂಕದ ರಿಜಿಸ್ಟರ್ ತೆಗೆದು ಹಾಳೆಗಳ ಪಕ್ಕ ಇಟ್ಟರು. ಸೊನ್ನೆ ಬರೆದವರು ತಿಂಗಳಿಗೆ ಎರಡು ಕಿಲೋ, ಮೂರು ಕಿಲೋ ಇಳಿದಿದ್ದರು. ಕಾಗದ ಒಂದು ಹೇಳುತ್ತಿತ್ತು, ತಕ್ಕಡಿ ಇನ್ನೊಂದು. ಯಾರೋ ಸುಳ್ಳು ಬರೆಯುತ್ತಿದ್ದಾರೆ. ಯಾರು?

ಮೊದಲ ಕಣ್ಣು ಬಿದ್ದದ್ದು ಪರೀಕ್ಷೆಯ ಹೊಣೆ ಹೊತ್ತ ನರ್ಸಿನ ಮೇಲೆ. ಇಪ್ಪತ್ತಾರರ ಹುಡುಗಿ, ಅಕ್ಕನ ಕೈಯಲ್ಲೇ ಕಲಿತವಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು ಎಂದು ಎಲ್ಲರೂ 'ಮಿಂಚು' ಎನ್ನುತ್ತಾರೆ. ಮಂಗಳವಾರದ ನೂಕುನುಗ್ಗಲಿನಲ್ಲಿ ಅವಳು ರೋಗಿಗಳನ್ನು ಕೇಳುತ್ತಿದ್ದದ್ದು ಹೀಗೆ: "ಏನೂ ತೊಂದ್ರೆ ಇಲ್ಲ ತಾನೆ?" ಹಾಗೆ ಕೇಳಿದರೆ ಯಾರು ತಾನೆ 'ಇದೆ' ಎಂದಾರು? ಕೇಳುವುದರಲ್ಲೇ ಇಷ್ಟು ಅವಸರ ಇದ್ದವಳು, ಹೊತ್ತು ಉಳಿಸಲು ತಾನೇ ಕೂತು ಹಾಳೆ ತುಂಬಿಸುತ್ತಿಲ್ಲ ಎಂದು ಏನು ಖಾತ್ರಿ? ಅಕ್ಕ ಬೆಳಗಾಗುವ ಮೊದಲೇ ಬಂದು ಹಾಳೆಗಳ ಬೆನ್ನು ಸವರಲು ಶುರುಮಾಡಿದ್ದು ಆಗ. ಸವರಿದಷ್ಟೂ ಎಲ್ಲ ಒಂದೇ ಸಮ.

ಆಸ್ಪತ್ರೆಯಲ್ಲಿ ಗೋಡೆಗಳಿಗೆ ಕಿವಿಯಷ್ಟೇ ಅಲ್ಲ, ಕಾಲೂ ಇರುತ್ತವೆ. ಎರಡು ದಿನದಲ್ಲಿ ಮಿಂಚು ನೆಲಮಾಳಿಗೆಗೆ ಇಳಿದು ಬಂದಳು.

"ಅಕ್ಕ, ನನ್ನ ಹಾಳೆಗಳನ್ನ ಬೆಳಕಿಗೆ ಹಿಡಿದು ನೋಡಿದ್ರಂತೆ."

"ಬೆಳಕಿಗಲ್ಲ. ಮುಟ್ಟಿ ನೋಡ್ದೆ."

"ನಾನೇ ಬರೀತಿದ್ದೀನಿ ಅಂದ್ಕೊಂಡ್ರಾ?"

"ಅಂದ್ಕೊಂಡಿಲ್ಲ. ಬರೀತಿಲ್ಲ ಅಂತಾನೂ ಅಂದ್ಕೊಂಡಿಲ್ಲ."

"ಕೇಳಿದ್ರೆ ಹೇಳ್ತಿದ್ನಲ್ಲ! ನಾನೇನು ಕಳ್ಳೀನಾ, ಕದ್ದು ಪತ್ತೆ ಹಚ್ಚೋಕೆ? ನಿಮ್ಮ ಹತ್ರ ಕಲಿತವಳು ನಾನು. ನಾನು ಕಳ್ಳಿ ಆದ್ರೆ ಕಲಿಸಿದ್ದು ಯಾರು, ಅದನ್ನೂ ಯೋಚನೆ ಮಾಡಿ."

ಮೆಟ್ಟಿಲು ಹತ್ತಿ ಹೋದ ಹುಡುಗಿ ಮೂರು ತಿಂಗಳು ಅವರ ಮುಖ ನೋಡಲಿಲ್ಲ. "ಆ ಮಾತು ನನಗೆ ಆವತ್ತು ಸೊಕ್ಕು ಅನ್ನಿಸ್ತು. ಸೊಕ್ಕಲ್ಲ, ಸರಿಯಾದ ದಾರಿ ತೋರಿಸಿದ್ಲು. ನನಗೇ ತಿಳೀಲಿಲ್ಲ," ಎನ್ನುತ್ತಾರೆ ಅವರು ಈಗ.

ಮುಂದಿನ ಮಂಗಳವಾರ ಅವರು ಬೆಳಗ್ಗೆ ಏಳಕ್ಕೇ ಹೋಗಿ ರೋಗಿಗಳು ಕಾಯುವ ಹಾಲಿನಲ್ಲಿ ಬೆಂಚಿನ ತುದಿಗೆ ಕೂತರು. ಗುರುತಿನ ಚೀಟಿ ಎಂದಿನಂತೆ ತಿರುಗಿಕೊಂಡಿತ್ತು. ಅವರು ಅದನ್ನು ಸರಿಮಾಡಿಕೊಳ್ಳಲಿಲ್ಲ. ಮನೆಯ ಬಟ್ಟೆ, ಕೈಯಲ್ಲೊಂದು ಚೀಲ, ನಿದ್ದೆಗೆಟ್ಟ ಕಣ್ಣು. ಒಂಬತ್ತು ವರ್ಷ ಅವರನ್ನು ಯಾವ ಕಡೆಗೂ ಸೇರಿಸದೆ ಬಿಟ್ಟಿದ್ದ ಆ ವೇಷ ಅವತ್ತು ಬೆಂಚಿನವರ ಕಡೆಗೆ ಸೇರಿಸಿತು.

ಅರ್ಧ ಗಂಟೆಯಲ್ಲಿ ಪಕ್ಕದಲ್ಲಿ ಕೂತ ಹೆಂಗಸು ಮೊಣಕೈಯಿಂದ ತಿವಿದರು. "ಪೆನ್ನಿದ್ಯಾ?" ಅವರು ಬಟ್ಟೆ ಹೊಲಿಯುವವರು. ಎಲ್ಲರಿಗೂ ದರ್ಜಿಯಮ್ಮ. ಮುಖವನ್ನು ಕಣ್ಣಿನವರೆಗೂ ಬಟ್ಟೆಯಲ್ಲಿ ಸುತ್ತಿಕೊಂಡಿದ್ದರು. ಪೆನ್ನು ತೆಗೆದುಕೊಂಡು ಹಾಳೆಯನ್ನು ತೊಡೆಯ ಮೇಲೆ ಹರಡಿ, ಇಪ್ಪತ್ತೆಂಟು ಸೊನ್ನೆಗಳನ್ನು ಗುಂಡಿ ಹೊಲಿದಷ್ಟು ಅಚ್ಚುಕಟ್ಟಾಗಿ ಇಳಿಸಿದರು.

"ನೀವು ಹೊಸಬ್ರಾ? ಯಾರ ಜೊತೆ ಬಂದಿದ್ದೀರಿ?"

"ನಮ್ಮವರೊಬ್ಬರ ಜೊತೆ."

"ಹಾಗಿದ್ರೆ ಒಂದು ಮಾತು ಕಿವಿಯಲ್ಲಿಟ್ಟುಕೊಳ್ಳಿ. ಭೇದಿ ಅಂತ ಮಾತ್ರ ಬರೀಬೇಡಿ. ಬರೆದ್ರೋ, ಮಾತ್ರೆ ಕಮ್ಮಿ ಮಾಡ್ತಾರೆ, ಇಲ್ಲಾ ನಿಲ್ಲಿಸೇ ಬಿಡ್ತಾರೆ."

"ಭೇದಿ ಆಗ್ತಿದ್ರೆ ನಿಲ್ಲಿಸಬೇಕಲ್ವಾ?"

"ಅಯ್ಯೋ, ನಿಮಗೆ ಏನೂ ಗೊತ್ತಿಲ್ಲ. ಅದು ಔಷಧಿ ಹಿಡೀತಿರೋ ಗುರುತು ಕಣ್ರೀ. ಗುಳ್ಳೆ ಬಂದ್ರೆ, ಭೇದಿ ಆದ್ರೆ, ಒಳಗೆ ಕೆಲಸ ನಡೀತಿದೆ ಅಂತ ಅರ್ಥ. ಇಲ್ಲಿ ಸಿಸ್ಟರ್‌ಗಳೇ ಹೇಳ್ತಾರೆ. ಅಲ್ಲಿ ನೋಡಿ, ಆ ಮೂಲೇಲಿ ಕೂತಿದ್ದಾಳಲ್ಲ, ಪಾಪ, ಅವಳಿಗೆ ಗುಳ್ಳೆನೇ ಏಳ್ತಿಲ್ಲ. ಒರಟು ಟವೆಲ್ಲಲ್ಲಿ ಕೆನ್ನೆ ಉಜ್ಜಿ ಉಜ್ಜಿ ಕೆಂಪು ಮಾಡ್ಕೊಂಡು ಬರ್ತಾಳೆ. ಇಲ್ಲಾಂದ್ರೆ ಮದ್ದು ನಿನಗೆ ಹಿಡಿಲಿಲ್ಲ ಅಂತ ಕಳಿಸಿಬಿಟ್ರೆ?"

"ಯಾವ ಸಿಸ್ಟರ್ ಹೇಳಿದ್ರು?"

"ಯಾವ ಸಿಸ್ಟರ್ ಅಂತ ಹೇಳ್ಲಿ? ಎಲ್ಲರೂ ಹೇಳ್ತಾರೆ. ಒಂದೇ ಮಾತು, ಶಾಲೆ ಮಕ್ಕಳು ಬಾಯಿಪಾಠ ಒಪ್ಪಿಸಿದ ಹಾಗೆ."

ಆ ಬೆಂಚಿನ ಮೇಲೆ ತನಗೆ ಏನಾಯಿತು ಎನ್ನುವುದನ್ನು ಅವರು ಹೇಳುವುದಿಲ್ಲ. ಹೇಳುವುದು ಇಷ್ಟೇ: ಮಿಂಚುವಿನ ಮೇಲೆ, ಕೋಟಿನ ಮನುಷ್ಯನ ಮೇಲೆ, ದೊಡ್ಡ ಡಾಕ್ಟರ ಮೇಲೆ, ಕೊನೆಗೆ ಈ ರೋಗಿಗಳ ಮೇಲೂ ಸರದಿಯಲ್ಲಿ ಅನುಮಾನ ಪಟ್ಟಿದ್ದಾಗಿತ್ತು. ಸರದಿಯಲ್ಲಿ ತಾನು ಇರಲೇ ಇಲ್ಲ.

ಪೆನ್ನು ವಾಪಸು ಕೊಡಲು ಚಾಚಿದ ದರ್ಜಿಯಮ್ಮನ ಕೈಯನ್ನು ಅವರು ಹಿಡಿದುಕೊಂಡರು. ಕೈಯ ಹಿಂಬದಿಯ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಬಿಟ್ಟರು. ಮಡಿಕೆ ಹಾಗೇ ನಿಂತಿತು, ಇಳಿಯಲಿಲ್ಲ. ಮೈಯ ನೀರು ಆರಿತ್ತು.

"ಇವತ್ತು ಬೆಳಗ್ಗಿಂದ ಎಷ್ಟು ಸಲ ಹೋದ್ರಿ?"

"ಯಾಕೆ?"

"ಎಷ್ಟು ಸಲ, ಅಮ್ಮ?"

"ಆರು," ಎಂದರು ದರ್ಜಿಯಮ್ಮ, ಎದುರಿಗಿದ್ದವರನ್ನು ಈಗ ಮೊದಲ ಸಲ ನೋಡುವವರಂತೆ. "ಬಸ್ಸು ಹತ್ತೋಕೆ ಮುಂಚೆ ಆರು. ನೀವು ಯಾರು?"

"ನರ್ಸು," ಎಂದರು ಅವರು. ಒಂಬತ್ತು ವರ್ಷದ ಮೇಲೆ ಆ ಪದ ಹಿಂದೆಮುಂದೆ ನೋಡದೆ ಬಾಯಿಗೆ ಬಂದಿತ್ತು. ಗಾಲಿಕುರ್ಚಿ ತಂದು ತಾವೇ ತಳ್ಳಿಕೊಂಡು ಹೋದರು, ತಾವೇ ಡ್ರಿಪ್ ಹಾಕಿದರು. ರಕ್ತದ ವರದಿ ಬಂದಾಗ ಮೂತ್ರಪಿಂಡಕ್ಕೆ ಪೆಟ್ಟು ಬೀಳಲು ಶುರುವಾಗಿತ್ತು. ಇನ್ನೊಂದು ವಾರ ಹೀಗೇ ಬಿಟ್ಟಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ನಾಲ್ಕು ದಿನದಲ್ಲಿ ದರ್ಜಿಯಮ್ಮ ಎದ್ದು ಕೂತು, ಔಷಧಿಯನ್ನು ಸದ್ಯಕ್ಕೆ ನಿಲ್ಲಿಸಿದ್ದಕ್ಕೆ ಅವರನ್ನು ಚೆನ್ನಾಗಿ ಬೈದರು. "ಪಕ್ಕದಲ್ಲಿ ಕೂತು ಪೆನ್ನು ಕೊಟ್ಟು ನನ್ನ ಗುಟ್ಟು ಕಿತ್ತುಕೊಂಡ್ಯಲ್ಲ, ಎಂಥ ಪತ್ತೇದಾರಿ ಮಾರಾಯ್ತಿ ನೀನು!" ಬಹುವಚನ ಹೋಗಿತ್ತು. ಅದು ಒಳ್ಳೆಯ ಲಕ್ಷಣ ಎಂದುಕೊಂಡರು ಇವರು.

ಇನ್ನು ನಡೆದದ್ದರ ವರದಿ ಬರೆದುಕೊಡಬೇಕಿತ್ತು. ದೊಡ್ಡ ಡಾಕ್ಟರು ಅವರನ್ನು ಕೋಣೆಗೆ ಕರೆಸಿ ಬಾಗಿಲು ಹಾಕಿದರು.

"ನೋಡಿ ಸಿಸ್ಟರ್, ವರದಿ ಕೊಡಲೇಬೇಕು, ಬೇಡ ಅನ್ನಲ್ಲ. ಆದ್ರೆ ಹೇಗೆ ಬರೀತೀರಿ ಅನ್ನೋದಿದೆ. ಪರೀಕ್ಷೆ ನೋಡ್ಕೊಳ್ಳೋ ನರ್ಸು ಸರಿಯಾಗಿ ವಿಚಾರಿಸಿಲ್ಲ, ಅಷ್ಟು ಬರೆದ್ರೆ ಸಾಕು. ಅದು ಸುಳ್ಳೂ ಅಲ್ಲ."

"ಅರ್ಧ ನಿಜ ಸರ್."

"ನಿಮ್ಮ ಫೈಲು ಈ ತಿಂಗಳೇ ಮೇಲಕ್ಕೆ ಹೋಗ್ತಿದೆ. ನರ್ಸುಗಳಿಗೆ ಇನ್ನೂ ತರಬೇತಿ ಬೇಕು ಅಂತ ಆದ್ರೆ, ನಿಮ್ಮ ಹುದ್ದೆಗೂ ಒಂದು ಬಲ ಬರುತ್ತೆ. ಪಾಠವೇ ತಪ್ಪು ಅಂತ ನೀವೇ ಬರೆದುಕೊಟ್ರೆ, ಆಮೇಲೆ ನಾನೇನು ಹೇಳ್ಲಿ ಅಲ್ಲಿ?"

ಅದು ಬೆದರಿಕೆಯೋ, ಕಾಳಜಿಯೋ? ಇವತ್ತಿಗೂ ಅವರಿಗೆ ಗೊತ್ತಾಗಿಲ್ಲ. ಎರಡೂ ಇದ್ದಿರಬಹುದು. ಆ ಸಂಜೆ ಮನೆಯಲ್ಲಿ ಬಟ್ಟೆ ಮಡಿಸುತ್ತ ಗಂಡನಿಗೆ ಎಲ್ಲ ಹೇಳಿದರು. ಅವರು ಗ್ರೀಸು ಹತ್ತಿದ ಉಗುರು ಕೆರೆಯುತ್ತ ಕೇಳಿದ್ದು ಒಂದೇ: "ಬ್ರೇಕು ಹಿಡೀಲಿಲ್ಲ, ನಟ್ಟು ಸಡಿಲ ಬಿಟ್ಟವನು ನಾನು ಅಂತ ಇಟ್ಕೋ. ಡ್ರೈವರ್ ಹೆಸರು ಬರೆದು ಬಂದ್ರೆ ರಾತ್ರಿ ನಿದ್ದೆ ಬರುತ್ತೇನು ನನಗೆ?"

"ನಿಮಗೆ ಹೇಗಿದ್ರೂ ಬರುತ್ತೆ," ಎಂದರು ಇವರು. ಆದರೆ ಮರುದಿನ ಬೆಳಗ್ಗೆ ಬರೆದರು. ಎರಡು ಪುಟ. ಮೊದಲ ಸಾಲು: 'ರೋಗಿಗಳು ಭೇದಿಯನ್ನು ಮುಚ್ಚಿಟ್ಟಿದ್ದು, ಅದು ಔಷಧಿ ಕೆಲಸ ಮಾಡುತ್ತಿರುವ ಗುರುತು ಎಂದು ತಿಳಿದು. ಹಾಗೆ ತಿಳಿಯಲು ಕಾರಣವಾದ ಮಾತನ್ನು ನರ್ಸುಗಳಿಗೆ ಕಲಿಸಿದವಳು ನಾನು.' ಮಿಂಚುವಿನ ಪ್ರಸ್ತಾಪ ಎರಡನೇ ಪುಟದಲ್ಲಿ ಒಂದೇ ಸಾಲು, ಅವಳಿಗೆ ಒಂದು ಮಂಗಳವಾರಕ್ಕೆ ಇಷ್ಟೊಂದು ರೋಗಿಗಳನ್ನು ಒಪ್ಪಿಸಿದ್ದು ಸರಿಯಲ್ಲ ಎಂದು.

ಆಮೇಲಿನ ಹದಿನಾಲ್ಕು ದಿನ ಅವರಿಗೆ ಯಾರೂ ಏನೂ ಹೇಳಲಿಲ್ಲ. ಕಾರಿಡಾರಿನಲ್ಲಿ ಕೆಲವರು ದಾರಿ ಬಿಟ್ಟರು, ಕೆಲವರು ದಾರಿ ಬದಲಿಸಿದರು. "ಅವರಿಗೆ ತಪ್ಪು ಹುಡುಕೋ ಚಟ, ಬೇರೆ ಯಾರೂ ಸಿಗ್ಲಿಲ್ಲ, ತಮ್ಮದೇ ಹುಡುಕ್ಕೊಂಡ್ರು," ಎಂದು ಒಬ್ಬಳು ಕ್ಯಾಂಟೀನಿನಲ್ಲಿ ಹೇಳಿದ್ದು ಅವರ ಕಿವಿಗೂ ಬಿತ್ತು. ಅವರಿಗೆ ನಗು ಬಂತು. ಮನೆಗೆ ಹೋಗಿ ಹಳೆಯ ನೀಲಿ ಉಡುಪನ್ನು ಪೆಟ್ಟಿಗೆಯಿಂದ ತೆಗೆದು, ಸೊಂಟದಲ್ಲಿ ಹೊಲಿಗೆ ಬಿಚ್ಚಿದರೆ ಹಿಡಿಸುತ್ತದೆಯೇ ಎಂದು ಕನ್ನಡಿಯ ಮುಂದೆ ಹಿಡಿದು ನೋಡಿದರು. ಅತ್ತೆ ಬಾಗಿಲಲ್ಲಿ ನಿಂತಿದ್ದವರು ಈ ಸಲ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ಸಮಿತಿ ಕೊನೆಗೆ 'ಇನ್ನೊಂದು ವರ್ಷ' ಎಂದಿತು. ಪರವಾಗಿ ಯಾರು ಮಾತಾಡಿದರು, ವಿರುದ್ಧ ಯಾರು, ತಿಳಿಯದು. ಕಾಗದದ ಕೆಳಗೆ ದೊಡ್ಡ ಡಾಕ್ಟರ ಸಹಿ ಇದೆ. ಔಷಧಿ ಕಂಪನಿಯಿಂದ ಒಂದು ಮೆಚ್ಚುಗೆಯ ಪತ್ರವೂ ಬಂತು. ಅದನ್ನು ಅವರು ಮೂರು ಸಲ ಓದಿ, ಡ್ರಾಯರಿನಲ್ಲಿ ಗ್ಲೌಸಿನ ಡಬ್ಬಿಯ ಕೆಳಗೆ ಹಾಕಿದ್ದಾರೆ. "ಬೈದಿದ್ರೆ ಅರ್ಥ ಆಗ್ತಿತ್ತು. ಹೊಗಳಿದ್ದು ಯಾಕೆ ಅಂತ ಇನ್ನೂ ಯೋಚನೆ ಮಾಡ್ತಿದ್ದೀನಿ."

ರೋಗಿಗಳನ್ನು ಹೊಸದಾಗಿ ವಿಚಾರಿಸಿದಾಗ ನಲವತ್ತೊಂದರಲ್ಲಿ ಹನ್ನೊಂದು ಜನರ ಭೇದಿ ಹತೋಟಿ ಮೀರಿತ್ತು. ಅವರಲ್ಲಿ ಆರು ಜನರಿಗೆ ಮಾತ್ರೆ ಕಡಿಮೆಯಾಯಿತು, ಉಳಿದವರಿಗೆ ಭೇದಿಯ ಮದ್ದೇ ಸಾಕಾಯಿತು, ಯಾರನ್ನೂ ಪರೀಕ್ಷೆಯಿಂದ ಕಳಿಸಲಿಲ್ಲ. ಟವೆಲ್ಲಿನಿಂದ ಕೆನ್ನೆ ಉಜ್ಜುತ್ತಿದ್ದ ಹೆಂಗಸಿನ ಗಡ್ಡೆ, ಗುಳ್ಳೆಯಿಲ್ಲದೆಯೂ, ಕಿರಿದಾಗುತ್ತಿದೆ. ನರ್ಸುಗಳು ಈಗ ಕೇಳುವುದು "ನಿನ್ನೆ ಎಷ್ಟು ಸಲ ಹೋದ್ರಿ? ಮೊನ್ನೆ?" ಎಂದು. ಮಂಗಳವಾರದ ಅರ್ಧ ಜನ ಗುರುವಾರಕ್ಕೆ ಹೋಗಿದ್ದಾರೆ. ಅಜ್ಜಿಯ ಸೊಂಟ ಮಾತ್ರ ಈಗ ಎರಡು ದಿನ ನೋಯುತ್ತದೆಯಂತೆ. ಎಡಗಡೆಯ ಕಟ್ಟು ಇನ್ನೂ ದಪ್ಪಗೇ ಇದೆ. ಹಾಳೆಗಳನ್ನು ಈಗಲೂ ಬಸ್ಸಿನಲ್ಲೇ ಕೂತು ತುಂಬಿಸುವವರುಂಟು. ಆದರೆ ತುಂಬಿಸುವುದು ಸೊನ್ನೆಯಲ್ಲ. ಆದರೂ ಅವರು ಸವರುವುದನ್ನು ಬಿಟ್ಟಿಲ್ಲ.

ನಿಮಗೇನು ಬೇಕು ಎಂದು ಕೇಳಿದರೆ, "ಯಾಕೆ ಕೇಳ್ತಿದ್ದೀರಿ?" ಎಂದು ಮೊದಲು ಹುಬ್ಬೇರಿಸುತ್ತಾರೆ. ಆಮೇಲೆ, ರಬ್ಬರಿನ ಕೈಗೆ ಕೆಂಪು ನೀರು ತುಂಬುತ್ತ, ನಿಧಾನವಾಗಿ ಹೇಳುತ್ತಾರೆ. "ಅರವತ್ತನಾಲ್ಕು ಜನ ಆ ಮಾತು ಬಾಯಿಪಾಠ ಮಾಡಿದ್ರು. ಒಬ್ಬಳೂ 'ಅಕ್ಕ, ಇದು ಸರೀನಾ' ಅಂತ ಕೇಳಲಿಲ್ಲ. ಕೇಳೋ ಹಾಗೆ ನಾನು ಕಲಿಸಿರ್ಲಿಲ್ಲ. ನಾನು ಎಲ್ಲರನ್ನೂ ಅನುಮಾನದಿಂದ ನೋಡ್ತಿದ್ದೆ, ನನ್ನನ್ನ ನೋಡೋರು ಒಬ್ಬರೂ ಇರ್ಲಿಲ್ಲ. ಅಂಥವಳೊಬ್ಬಳು ಬೇಕು. ಅಷ್ಟೇ."

ಎಂಟು ಗಂಟೆಯ ತರಗತಿಗೆ ಇಪ್ಪತ್ತು ಹುಡುಗಿಯರು ಬಂದು ಕೂತಿದ್ದಾರೆ. ಹಿಂದಿನ ಸಾಲಿನಲ್ಲಿ, ಬರಲೇಬೇಕೆಂದು ಯಾರೂ ಹೇಳದಿದ್ದರೂ, ಮಿಂಚು. ಮಾತು ಬಿಟ್ಟಿದ್ದ ಹುಡುಗಿ ಈಗ ಬರುತ್ತಾಳೆ, ಆದರೆ ಇಬ್ಬರ ನಡುವೆ ಪೂರ್ತಿ ಸರಿಹೋಗಿದೆ ಎಂದು ಇಬ್ಬರೂ ಹೇಳುವುದಿಲ್ಲ. ಮಾತ್ರೆ ಕಡಿಮೆ ಮಾಡಿದಾಗ ಕಂಗಾಲಾಗುವ ರೋಗಿಗೆ ಏನು ಹೇಳಬೇಕು ಎನ್ನುವುದು ಇವತ್ತಿನ ಪಾಠ. ಅಕ್ಕ ಬೋರ್ಡಿನ ಮೇಲೆ ಬರೆಯುತ್ತಾರೆ: 'ಮಾತ್ರೆ ಕಡಿಮೆಯಾದರೂ ಔಷಧಿ ಅಷ್ಟೇ ಕೆಲಸ ಮಾಡುತ್ತದೆ.' ಪೆನ್ನುಗಳು ಸರಸರನೆ ಓಡುತ್ತವೆ.

"ಅಕ್ಕ." ಹಿಂದಿನ ಸಾಲಿನಿಂದ. "ಅದು ನಮಗೆ ಖಂಡಿತ ಗೊತ್ತಾ? ಅದನ್ನೇ ಅಲ್ವಾ ಈ ಪರೀಕ್ಷೆ ನೋಡ್ತಾ ಇರೋದು?"

ಎರಡು ಹುಡುಗಿಯರು ತಲೆ ತಗ್ಗಿಸಿ ನಗು ಅಡಗಿಸುತ್ತಾರೆ. ಅಕ್ಕ ತಾವು ಬರೆದ ಸಾಲನ್ನು ಇನ್ನೊಮ್ಮೆ ಓದುತ್ತಾರೆ. ಆಮೇಲೆ ಡಸ್ಟರ್ ಎತ್ತಿ ಇಡೀ ಸಾಲನ್ನು ಒರೆಸುತ್ತಾರೆ.

"ಹಾಗಾದ್ರೆ ಏನಂತ ಬರೀಲಿ?"

"ನಮಗೂ ಇನ್ನೂ ಗೊತ್ತಿಲ್ಲ, ನಿಮ್ಮ ಜೊತೆ ನಾವೂ ನೋಡ್ತಾ ಇದ್ದೀವಿ ಅಂತ."

ಅಕ್ಕ ಹಾಗೆಯೇ ಬರೆಯುತ್ತಾರೆ, ಒಂದಕ್ಷರವನ್ನೂ ಬದಲಿಸದೆ. ಬಾಗಿಲ ಬಳಿ ನಿಂತು ಇದನ್ನೆಲ್ಲ ನೋಡುತ್ತಿದ್ದ ಕಾಲೇಜಿನ ಅಧ್ಯಾಪಕಿಯೊಬ್ಬರು, ತರಗತಿ ಮುಗಿದ ಮೇಲೆ, ಎದುರು ಮಾತಾಡಿದ ಆ ಹುಡುಗಿ ಯಾರು, ಯಾರ ಹತ್ತಿರ ಕಲಿತದ್ದು ಎಂದು ಮೆಲ್ಲಗೆ ವಿಚಾರಿಸುತ್ತಾರೆ.

"ನನ್ನ ಹತ್ತಿರ," ಎನ್ನುತ್ತಾರೆ ಅವರು.